ಬಾಗಿಲು ಮುಚ್ಚಿದರೂ ನಡಿಗೆ ನಿಲ್ಲದಿರಲಿ

(ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಅವರ ಮನೆಯವರಿಗೂ ನೀಡಿದ ಉಪನ್ಯಾಸ)



“ದೊಡ್ಡ ಆಪರೇಷನ್ ಆಗಿದೆ, ಓಡಾಡಬೇಡ, ಸುಮ್ಮನೆ ಕುಳಿತಿರು.” ಬೊಜ್ಜಿನ ಶಸ್ತ್ರಚಿಕಿತ್ಸೆ ಆದವರ ಮನೆಗಳಲ್ಲಿ ಈ ಮಾತು ಸಾಮಾನ್ಯ. ಪ್ರೀತಿಯಿಂದ ಹೇಳುವ ಮಾತೇ ಸರಿ. ಆದರೆ ಹಾಗೆ ಕುಳಿತಿರುವುದರಿಂದ ರೋಗಿಗೆ ಹಾನಿಯೇ ಹೆಚ್ಚು.

2020ರ ಮಾರ್ಚ್ 25ರಂದು ದೇಶದಲ್ಲೆಲ್ಲ ಲಾಕ್‌ಡೌನ್ ಆರಂಭವಾಯಿತು. ಉದ್ಯಾನ, ವ್ಯಾಯಾಮಶಾಲೆಗಳು ಮುಚ್ಚಿದವು. ಬೆಳಗಿನ ನಡಿಗೆಯೂ ನಿಂತಿತು. 2021ರ ಎರಡನೆಯ ಅಲೆಯಲ್ಲಿ ಮತ್ತೆ ಅದೇ ಸ್ಥಿತಿ. ಸ್ಥೂಲಕಾಯದವರಿಗೆ ಕೋವಿಡ್ ತೀವ್ರವಾಗುವ ಸಂಭವ ಹೆಚ್ಚಾದ್ದರಿಂದ ಅವರು ಹೊರಗೆ ಬರಲು ಹೆದರಿದ್ದು ಸಹಜ. ಆದರೆ ಹೊರಗೆ ಹೋಗದಿರುವುದು ಬೇರೆ, ಅಲುಗಾಡದಿರುವುದು ಬೇರೆ. ಆ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಾರಿತು. ಆದರೂ ಮಳೆ, ಬಿಸಿಲು, ಇನ್ನೊಂದು ಸಾಂಕ್ರಾಮಿಕ, ಯಾವುದಾದರೂ ನಮ್ಮನ್ನು ಮತ್ತೆ ಮನೆಯಲ್ಲಿ ಕೂರಿಸಬಹುದು. ಆದ್ದರಿಂದ ಈ ವ್ಯತ್ಯಾಸವನ್ನು ಇಂದೇ ತಿಳಿದಿರುವುದು ಒಳ್ಳೆಯದು.

ಶಸ್ತ್ರಚಿಕಿತ್ಸೆ ಮಾಡುವುದೇನು? ಒಂದು ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆಯುತ್ತಾರೆ. ಇನ್ನೊಂದರಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹಸಿವೂ ಊಟದ ಪ್ರಮಾಣವೂ ಕುಗ್ಗುತ್ತವೆ. ಮೊದಲ ವರ್ಷದಲ್ಲಿ ತೂಕ ವೇಗವಾಗಿ ಇಳಿಯುತ್ತದೆ. ಆದರೆ ಇಳಿಯುವುದು ಕೊಬ್ಬು ಮಾತ್ರವಲ್ಲ, ಅದರ ಜೊತೆ ಸ್ನಾಯುವೂ ಕರಗುತ್ತದೆ. ಸ್ನಾಯು ಕರಗಿದರೆ ನಿಶ್ಶಕ್ತಿ ಬರುತ್ತದೆ, ದೇಹ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುತ್ತದೆ. ಮುಂದೆ ತೂಕ ಮರಳಿ ಏರಲು ಇದೂ ಒಂದು ದಾರಿ. ಸ್ನಾಯುವನ್ನು ಉಳಿಸುವ ಕೆಲಸವನ್ನು ಯಾವ ವೈದ್ಯರೂ ನಿಮ್ಮ ಪರವಾಗಿ ಮಾಡಲಾರರು.

ವಾರಕ್ಕೆ ಕನಿಷ್ಠ 150 ನಿಮಿಷ ಚಟುವಟಿಕೆ ಬೇಕು. ದಿನಕ್ಕೆ 30 ನಿಮಿಷದಂತೆ ಐದು ದಿನವಾಯಿತು. ಒಮ್ಮೆಗೇ ಆಗದಿದ್ದರೆ ಹತ್ತು ನಿಮಿಷದಂತೆ ಮೂರು ಸಲ ಮಾಡಿ. ಇದಕ್ಕೆ ರಸ್ತೆಯೇ ಬೇಕೆಂದಿಲ್ಲ. ನಿಮ್ಮ ಪಡಸಾಲೆ 25 ಅಡಿ ಉದ್ದವಿದ್ದರೆ, ಹೋಗಿ ಬಂದರೆ 50 ಅಡಿ. ಹೀಗೆ 66 ಸುತ್ತು ಹಾಕಿದರೆ ಒಂದು ಕಿಲೋಮೀಟರ್. ಹತ್ತು ಸುತ್ತಿಗೊಂದು ಹುಣಸೆ ಬೀಜ ಬಟ್ಟಲಿಗೆ ಹಾಕುತ್ತಾ ಹೋಗಿ, ಲೆಕ್ಕ ತಪ್ಪುವುದಿಲ್ಲ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ.

ವೈದ್ಯರು ಒಪ್ಪಿದ ಮೇಲೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕುಳಿತುಕೊಳ್ಳಿ. ಗೋಡೆಗೆ ಅಂಗೈ ಒತ್ತಿ ಮೈಯನ್ನು ಹಿಂದಕ್ಕೆ ಮುಂದಕ್ಕೆ ತನ್ನಿ. ಒಂದು ಲೀಟರ್ ನೀರಿನ ಬಾಟಲಿ ಎಂದರೆ ಒಂದು ಕಿಲೋ ತೂಕ. ಅದನ್ನೇ ಎತ್ತಿ ಇಳಿಸಿ. ಆದರೆ ಮೊದಲ ಆರು ವಾರ ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಮಕ್ಕಳು, ಇವನ್ನು ಎತ್ತಲೇಬಾರದು.

ಬೇಳೆ, ಕಾಳು, ಹಾಲು, ಮೊಸರು, ಪನೀರ್‌ಗಳಿಂದ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸೇರಬೇಕು. ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯಿರಿ. ವಿಟಮಿನ್ ಮಾತ್ರೆಗಳನ್ನು ಬಿಡಬೇಡಿ.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವಿಶೇಷವಾಗಿ ಗಮನಿಸಿ. ತೂಕ ಇಳಿದಂತೆ ಹಳೆಯ ಪ್ರಮಾಣದ ಔಷಧಿ ಹೆಚ್ಚಾಗಬಹುದು. ನಡೆಯುವಾಗ ತಲೆ ಸುತ್ತಿದರೆ, ಬೆವರಿ ಕೈ ನಡುಗಿದರೆ ಕೂಡಲೇ ಕುಳಿತು ಸಕ್ಕರೆ ಪರೀಕ್ಷಿಸಿ, ವೈದ್ಯರಿಗೆ ತಿಳಿಸಿ. ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಜ್ವರ ಇರುವಾಗ ವ್ಯಾಯಾಮ ಬೇಡ. ಕೋವಿಡ್ ಬಂದು ಹೋದವರು ಮೆಲ್ಲಗೆ, ಐದೈದು ನಿಮಿಷದಿಂದ ಮತ್ತೆ ಆರಂಭಿಸಲಿ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಹಠಾತ್ತನೆ ಉಸಿರು ಕಟ್ಟುವುದು, ಎದೆನೋವು, ಕಡಿಮೆಯಾಗದ ಹೊಟ್ಟೆನೋವು, ಇವು ಕಂಡರೆ ಹೊರಗೆ ಎಂಥ ಸಾಂಕ್ರಾಮಿಕವಿದ್ದರೂ ತಡಮಾಡದೆ ಆಸ್ಪತ್ರೆಗೆ ಬನ್ನಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಶಸ್ತ್ರಚಿಕಿತ್ಸೆಯ ದಿನವೋ ಮರುದಿನವೋ ದಾದಿಯರು ನಿಮ್ಮನ್ನು ಎಬ್ಬಿಸಿ ನಡೆಸುವುದು ಇದನ್ನು ತಡೆಯಲೆಂದೇ. ಅವರ ಮೇಲೆ ಬೇಸರಿಸಬೇಡಿ.

ಬಂಧುಗಳೇ, ತಮ್ಮಲ್ಲಿ ಒಂದೇ ವಿನಂತಿ. ರೋಗಿ ನೀರು ಕೇಳಿದರೆ ತಂದುಕೊಡುವ ಬದಲು “ಏಳು, ಇಬ್ಬರೂ ಅಡುಗೆಮನೆಗೆ ಹೋಗಿ ಬರೋಣ” ಎನ್ನಿ. ಸಂಜೆ ಅವರ ಜೊತೆ ಪಡಸಾಲೆಯಲ್ಲಿ ನಾಲ್ಕು ಸುತ್ತು ಹಾಕಿ. ಒಬ್ಬರೇ ನಡೆಯುವುದು ನಾಲ್ಕು ದಿನ ನಡೆದೀತು. ಜೊತೆಗಾರರಿದ್ದರೆ ವರ್ಷವಿಡೀ ನಡೆಯುತ್ತದೆ.

ಎಲ್ಲರೂ ಬೇಗ ಗುಣಮುಖರಾಗಿ, ನಿಮ್ಮ ಕಾಲ ಮೇಲೆ ನೀವೇ ನಡೆದು ಮನೆ ಸೇರಿರಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.