ಮ್ಯಾಚ್ ಮುಗಿದರೂ ತುಂಬದ ರಸ್ತೆ

ನಿನ್ನೆ, 2023ರ ನವೆಂಬರ್ 19ರ ಭಾನುವಾರ, ಅಹಮದಾಬಾದ್‌ನಲ್ಲಿ ಏನಾಯ್ತು ಅನ್ನೋದನ್ನ ನಾನು ಹೇಳಬೇಕಾಗಿಲ್ಲ. 240ಕ್ಕೆ ಆಲೌಟ್, ಟ್ರಾವಿಸ್ ಹೆಡ್ 137, ಆರು ವಿಕೆಟ್ ಸೋಲು. ನಮ್ಮ ರಾಹುಲ್ 107 ಬಾಲ್ ಆಡಿ ಒಂದೇ ಒಂದು ಫೋರ್ ಹೊಡೆದಿದ್ದು ಸರಿಯಾ ತಪ್ಪಾ ಅಂತ ಬೆಳಗ್ಗೆಯಿಂದ ನಮ್ಮ ಚಾನೆಲ್‌ನಲ್ಲೇ ಪೋಸ್ಟ್‌ಮಾರ್ಟಂ ನಡೀತಿದೆ. ಅದಕ್ಕೆ ನಾನು ಕೈ ಹಾಕೋದಿಲ್ಲ. ನಿನ್ನೆ ನಾನು ಮ್ಯಾಚ್ ನೋಡಿದ್ದಕ್ಕಿಂತ ರಸ್ತೆ ನೋಡಿದ್ದೇ ಹೆಚ್ಚು. ಇವತ್ತು ಆ ರಸ್ತೆ ಬಗ್ಗೆ ಮಾತಾಡ್ತೀನಿ.

ನಿನ್ನೆ ನನಗೆ ರಜೆ. ಮಳವಳ್ಳಿ ಹತ್ತಿರ ಸಂಬಂಧಿಕರ ಮನೇಲಿ ಬೀಗರೂಟ ಇತ್ತು. ಮಂಡ್ಯ ಸೀಮೆಯ ಬೀಗರೂಟ ಅಂದ್ರೆ ಗೊತ್ತಲ್ಲ, ಮಧ್ಯಾಹ್ನ ಹನ್ನೆರಡಕ್ಕೆ ಶುರುವಾದ ಪಂಕ್ತಿ ನಾಲ್ಕಾದರೂ ಮುಗಿಯೋದಿಲ್ಲ. ನಿನ್ನೆ ಒಂದೂವರೆಗೆ, ಟಾಸ್ ಹೊತ್ತಿಗೆ, ಪೆಂಡಾಲ್ ಅರ್ಧ ಖಾಲಿ. ಮುದ್ದೆ ಬಡಿಸೋ ಹುಡುಗ "ಇನ್ನೊಂದು ಹಾಕಿಸ್ಕೊಳಿ ಸಾ" ಅಂತ ಬೇಡ್ಕೊಳ್ತಾ ಓಡಾಡ್ತಿದ್ದ. ಉಂಡು, ಎರಡೂವರೆಗೆ ಬೈಕ್ ಹತ್ತಿದೆ. ಭಾರತೀನಗರ, ಮದ್ದೂರು ಮೇಲೆ ಮಂಡ್ಯಕ್ಕೆ ಹೋಗೋದು.

ಅಂಥ ಖಾಲಿ ರಸ್ತೆಯನ್ನ ನಾನು ಈ ಭಾಗದಲ್ಲಿ ಇತ್ತೀಚೆಗೆ ನೋಡಿದ್ದು ಒಂದೇ ಸಲ, ಸೆಪ್ಟೆಂಬರ್ 23ರ ಮಂಡ್ಯ ಬಂದ್ ದಿನ. ಅವತ್ತು ಕಾವೇರಿ ನೀರಿಗಾಗಿ ಅಂಗಡಿ ಮುಚ್ಚಿಸಿದ್ರು, ರಸ್ತೆಗೆ ಅಡ್ಡ ಕೂತಿದ್ರು. ನಿನ್ನೆ ಯಾರೂ ಕರೆ ಕೊಟ್ಟಿರಲಿಲ್ಲ. ಆದರೂ ಮಳವಳ್ಳಿ ದಾಟಿದ ಮೇಲೆ ಮೈಲಿಗಟ್ಟಲೆ ಎದುರಿಗೆ ಒಂದು ಗಾಡಿ ಇಲ್ಲ. ಊರು ಬಂದಾಗಲೆಲ್ಲ ಕಾಮೆಂಟರಿ ಕೇಳಿಸೋದು, ಊರು ಮುಗಿದ್ರೆ ಬರೀ ನನ್ನ ಬೈಕ್ ಸದ್ದು. ಓದಿದ್ದು ಇಂಜಿನಿಯರಿಂಗ್ ಆದ್ದರಿಂದ ಒಂದು ತಮಾಷೆ ಗಮನಕ್ಕೆ ಬಂತು. ಡಿಶ್ ಇರೋ ಮನೆಯಿಂದ ಮೊದಲು "ಅಯ್ಯೋ" ಅಂತ ಕೂಗು ಬರುತ್ತೆ, ಅರಳಿಕಟ್ಟೆ ಮೇಲೆ ಮೊಬೈಲ್ ನೋಡ್ತಿರೋ ಹುಡುಗರಿಗೆ ಅದೇ "ಅಯ್ಯೋ" ಒಂದಷ್ಟು ಸೆಕೆಂಡ್ ತಡವಾಗಿ ತಲುಪುತ್ತೆ. ನಿನ್ನೆ ಮೊಬೈಲ್ ಆ್ಯಪ್ ಒಂದರಲ್ಲೇ ಒಂದು ಹಂತದಲ್ಲಿ 5.9 ಕೋಟಿ ಜನ ಒಟ್ಟಿಗೆ ನೋಡ್ತಿದ್ರಂತೆ. ಅವರಲ್ಲಿ ಕೆಲವರು ಆ ಕಟ್ಟೆ ಮೇಲಿದ್ರು.

ಎಲ್ಲರೂ ಒಳಗಿದ್ರು ಅಂತ ಮಾತ್ರ ಅಂದ್ಕೋಬೇಡಿ. ಭಾರತೀನಗರಕ್ಕೆ ಮುಂಚೆ ಒಬ್ಬ ಹಿರಿಯರು ಕಬ್ಬಿನ ಗದ್ದೆ ಬದುವಿನ ಮೇಲೆ ಗುದ್ದಲಿ ಹಿಡಿದು ನಿಂತಿದ್ರು. ಬೈಕ್ ನಿಲ್ಲಿಸಿದ್ದೇ ತಡ, "ಎಷ್ಟಾಯ್ತಪ್ಪ ಸ್ಕೋರು?" ಅಂದ್ರು. ಹೇಳಿದೆ. "ಮನೇಲಿ ಟಿವಿ ಐತೆ, ನೀವ್ಯಾಕೆ ನೋಡ್ತಿಲ್ಲ ಅಂತೀಯಾ? ತ್ರೀ ಫೇಸು ಈಗ ಬಂದೈತೆ. ಈಗ ಕಟ್‌ದಿದ್ರೆ ಮತ್ಯಾವಾಗ ನೀರ್ ಕಟ್ಟನ?" ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಈ ವರ್ಷ ಅದು ತುಂಬಲೇ ಇಲ್ಲ. ಬೋರ್‌ವೆಲ್ ಇದ್ದವರು ಕರೆಂಟ್ ಬಂದ ಗಳಿಗೆ ಕಾಯ್ಬೇಕು, ಅದು ಫೈನಲ್ ಅಂತ ನೋಡಿ ಬರೋದಿಲ್ಲ.

ಮದ್ದೂರಿಗೆ ಬಂದಾಗ ನಾಲ್ಕು ಗಂಟೆ. ಹಳೇ ಬೆಂಗಳೂರು–ಮೈಸೂರು ರಸ್ತೆಯೂ ಖಾಲಿ. ನೆತ್ತಿ ಮೇಲೆ ಹೊಸ ಹೆದ್ದಾರಿ. ಅಲ್ಲಿಗೆ ನಾನು ಹೋಗೋ ಹಾಗಿಲ್ಲ, ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗೆ ಅಲ್ಲಿ ಪ್ರವೇಶ ಇಲ್ಲ. ಒಂದು ಸಣ್ಣ ಅಂಗಡಿ ಮುಂದೆ ನಿಲ್ಲಿಸಿ ಟೀ ಕೇಳಿದೆ. ಗಾಜಿನ ಪೆಟ್ಟಿಗೆಯಲ್ಲಿ ವಡೆ ಜೋಡಿಸಿಟ್ಟಿದ್ದು ಹಾಗೇ ಇತ್ತು. "ಏನಕ್ಕ, ಮ್ಯಾಚು ವ್ಯಾಪಾರ ಕೆಡಿಸ್ತಾ?" ಅಂದೆ. ಆಯಮ್ಮ ನನ್ನ ಮುಖ ನೋಡಿ ನಕ್ಕರು. "ಮ್ಯಾಚ್ ಮುಗುದ್ರೆ ನಾಳೆ ಜನ ಬತ್ತಾರಾ ಅಣ್ಣ? ನಮ್ಗೆ ಮಾರ್ಚಿಂದ್ಲೂ ದಿನಾ ಫೈನಲ್ಲೇ."

ವೀಕ್ಷಕರೇ, ಈ ಮಾತಿಗಾಗಿಯೇ ಇವತ್ತು ನಿಮ್ಮ ಮುಂದೆ ಕೂತಿದ್ದೀನಿ. ಮಳವಳ್ಳಿ ರಸ್ತೆ ನಿನ್ನೆ ಖಾಲಿಯಾಗಿತ್ತು, ಇವತ್ತು ಬೆಳಗ್ಗೆ ತುಂಬಿರುತ್ತೆ. ಮದ್ದೂರಿನ ರಸ್ತೆ ಖಾಲಿಯಾಗೋಕೆ ಯಾವ ವಿಶ್ವಕಪ್ಪೂ ಬೇಕಿರಲಿಲ್ಲ. ಮಾರ್ಚ್ 12ರಂದು ಪ್ರಧಾನಿ ಇದೇ ಮಂಡ್ಯ ಜಿಲ್ಲೆಗೆ ಬಂದು ಉದ್ಘಾಟನೆ ಮಾಡಿದ್ರು. 118 ಕಿಲೋಮೀಟರ್, ಸುಮಾರು 8,480 ಕೋಟಿ ರೂಪಾಯಿ. ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತೆ ಅಂದ್ರು. ಉಳಿಯೋ ಆ ಒಂದೂಮುಕ್ಕಾಲು ಗಂಟೆ ಇದೆಯಲ್ಲ, ಅದರಲ್ಲಿ ಹತ್ತು ಹದಿನೈದು ನಿಮಿಷ ಮದ್ದೂರಿನದ್ದು. ವಡೆ, ಕಾಫಿ, ಎಳನೀರು, ಮಕ್ಕಳಿಗೆ ಮೂತ್ರ ಮಾಡಿಸೋದು. ಆ ಹದಿನೈದು ನಿಮಿಷದ ಮೇಲೆ ಒಂದು ಊರು ನಿಂತಿತ್ತು.

ಮದ್ದೂರು ವಡೆ ಹುಟ್ಟಿದ್ದೇ ನಿಲ್ಲೋದರಿಂದ. 1917ರಲ್ಲಿ ರಾಮಚಂದ್ರ ಬುಧ್ಯ ಅನ್ನೋರು ಮದ್ದೂರು ರೈಲ್ವೆ ಸ್ಟೇಷನ್ನಲ್ಲಿ, ಬೇಗ ಬಂದ ರೈಲಿನ ಗಿರಾಕಿಗಳಿಗಾಗಿ, ಹಿಟ್ಟನ್ನ ಗಡಿಬಿಡಿಯಲ್ಲಿ ತಟ್ಟಿ ಕರಿದ್ರು ಅಂತ ಕತೆ. ಕತೆ ಎಷ್ಟು ನಿಜವೋ, ಅಕ್ಕಿ ಹಿಟ್ಟು, ರವೆ, ಮೈದಾ, ಈರುಳ್ಳಿಯ ಆ ವಡೆ ರೈಲಿನಿಂದ ಬಸ್ಸಿಗೆ, ಬಸ್ಸಿನಿಂದ ಕಾರಿಗೆ ಗಿರಾಕಿ ಹುಡುಕಿಕೊಂಡು ಬಂದಿದ್ದಂತೂ ನಿಜ. ಈಗ ಗಿರಾಕಿ ಫ್ಲೈಓವರ್ ಮೇಲೆ ನೂರರ ಸ್ಪೀಡಲ್ಲಿ ಹೋಗ್ತಿದ್ದಾನೆ. ಬಿಡದಿ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಎಲ್ಲರ ಪಾಡೂ ಇದೇ.

ಹಾಗಂತ ಹೆದ್ದಾರಿ ಬೇಡ ಅನ್ನೋ ವಾದ ನಂದಲ್ಲ. ನಾನೂ ಕಾರಲ್ಲಿ ಬಂದ್ರೆ ಮೇಲೇ ಹೋಗೋದು, ಟೋಲ್ ಕಟ್ಟಿ, ಬೈಕೊಂಡು. ಬೈಕು, ಟ್ರ್ಯಾಕ್ಟರ್ ನಿಷೇಧವೂ ನನಗೆ ಸರಿ ಅನ್ಸುತ್ತೆ, ಈ ವರ್ಷದ ಮೊದಲ ತಿಂಗಳುಗಳಲ್ಲಿ ಆ ರಸ್ತೆ ಮೇಲೆ ಬಿದ್ದ ಹೆಣಗಳನ್ನ ಇದೇ ಸ್ಟುಡಿಯೋದಲ್ಲಿ ಕೂತು ಎಣಿಸಿದ್ದೀನಿ. ಆದರೆ ನಕ್ಷೆ ಬರೆಯುವಾಗ ವಾಹನ ಎಷ್ಟು, ವೇಗ ಎಷ್ಟು, ತಿರುವು ಎಷ್ಟು ಅಂತ ಲೆಕ್ಕ ಹಾಕ್ತಾರೆ. ನಿಲ್ಲೋರು ಎಷ್ಟು ಅನ್ನೋದಕ್ಕೆ ಆ ಲೆಕ್ಕದಲ್ಲಿ ಒಂದು ಕಾಲಂ ಇರೋದಿಲ್ಲ. ಜಮೀನು ಕಳಕೊಂಡವರಿಗೆ ಪರಿಹಾರ ಅಂತ ಒಂದು ಕಾನೂನಾದರೂ ಇದೆ. ಗಿರಾಕಿ ಕಳಕೊಂಡವರಿಗೆ ಏನಿದೆ?

ಮದ್ದೂರಿಂದ ಮಂಡ್ಯದ ಕಡೆ ಹೊರಟೆ. ಶಿವಪುರದ ಸತ್ಯಾಗ್ರಹ ಸೌಧ ಸಿಕ್ತು. 1938ರಲ್ಲಿ ಒಂದು ಬಾವುಟ ಹಾರಿಸೋದಕ್ಕೆ ಇಲ್ಲಿ ಸಾವಿರಾರು ಜನ ನಿಷೇಧಾಜ್ಞೆ ಮುರಿದ್ರು. ನಿನ್ನೆ ಅದೇ ರಸ್ತೇಲಿ, ಹೆಲ್ಮೆಟ್ ಇಲ್ಲದ ಮೂವರು ಹುಡುಗರು ಕೆನ್ನೆಗೆ ತ್ರಿವರ್ಣ ಬಳ್ಕೊಂಡು ಒಂದೇ ಬೈಕಲ್ಲಿ ನನ್ನನ್ನ ದಾಟಿ ಹಾರಿಹೋದ್ರು. ಖಾಲಿ ರಸ್ತೆ ಕಂಡ್ರೆ ಕೈ ತಡೆಯೋದಿಲ್ಲ. ಗೆಜ್ಜಲಗೆರೆಯಲ್ಲಿ ಡೇರಿ ಕಡೆ ಹಾಲಿನ ಗಾಡಿ ಹೋಗ್ತಿತ್ತು. ಹಸುಗಳಿಗೆ ಮ್ಯಾಚಿನ ವಿಷಯ ಯಾರೂ ಹೇಳಿರಲಿಲ್ಲ.

ಹೆದ್ದಾರಿ ಪಕ್ಕ ವಿಶ್ರಾಂತಿ ತಾಣ ಕಟ್ಟುತ್ತೀವಿ ಅಂತ ಹೇಳ್ತಾ ಇದ್ದಾರೆ. ಕಟ್ಟಲಿ, ಬೇಕೇ ಬೇಕು. ಅಲ್ಲಿ ಮಳಿಗೆಗಳನ್ನ ಹರಾಜು ಹಾಕುವಾಗ ಯಾವುದೋ ದೊಡ್ಡ ಬ್ರ್ಯಾಂಡಿನ ಬರ್ಗರ್‌ಗೆ ಎಷ್ಟು, ಮದ್ದೂರಿನ ವಡೆಯವರಿಗೆ, ಎಳನೀರಿನವರಿಗೆ, ಚನ್ನಪಟ್ಟಣದ ಬೊಂಬೆಯವರಿಗೆ ಎಷ್ಟು ಅನ್ನೋದು ನನ್ನ ಪ್ರಶ್ನೆ. ಮದ್ದೂರಿನ ಆ ಅಂಗಡಿಯಾಕೆ ಲಕ್ಷಗಟ್ಟಲೆ ಡೆಪಾಸಿಟ್ ಇಡೋ ಸ್ಥಿತಿಯಲ್ಲಿ ಇಲ್ಲ. ದಿನಬಾಡಿಗೆಗೆ ಒಂದು ತಳ್ಳುಗಾಡಿಯ ಜಾಗ, "ಮದ್ದೂರು ವಡೆಗೆ ಇಲ್ಲಿ ಇಳಿಯಿರಿ" ಅಂತ ಎಕ್ಸಿಟ್‌ಗೆ ಎರಡು ಕಿಲೋಮೀಟರ್ ಮುಂಚೆ ದೊಡ್ಡಕ್ಷರದ ಒಂದು ಬೋರ್ಡು. ಇಷ್ಟನ್ನ ಹೆದ್ದಾರಿ ಪ್ರಾಧಿಕಾರಕ್ಕೂ ಜಿಲ್ಲಾ ಉಸ್ತುವಾರಿ ಸಚಿವರಿಗೂ ಈ ವಾರವೇ ಕೇಳ್ತೀವಿ. ಉತ್ತರ ಏನೇ ಬಂದರೂ ಇದೇ ಹೊತ್ತಿಗೆ, ಇದೇ ಜಾಗದಲ್ಲಿ ನಿಮಗೆ ತಿಳಿಸ್ತೀನಿ.