ಎರಡು ‘ಆಟ’ಗಳು

ಕಾರ್ಕಳದಲ್ಲಿ ‘ಆಟ’ ಎಂದರೆ ಯಕ್ಷಗಾನ. ರಂಗಸ್ಥಳದಲ್ಲಿ ಕಾಡಿಲ್ಲ, ಅರಮನೆಯಿಲ್ಲ; ವೇಷಧಾರಿಯ ಕುಣಿತ, ಮಾತುಗಳಲ್ಲೇ ಅವು ಮೂಡುತ್ತವೆ.

1994ರಲ್ಲಿ ಅಮೆರಿಕದ ಆಕ್ಸೆಸ್ ಸಾಫ್ಟ್‌ವೇರ್ ಹೊರತಂದ ‘ಅಂಡರ್ ಎ ಕಿಲ್ಲಿಂಗ್ ಮೂನ್’ ಎಂಬ ಕಂಪ್ಯೂಟರ್ ಆಟದಲ್ಲೂ ನಟರು ಅಭಿನಯಿಸಿದ್ದು ಬರಿಯ ಪರದೆಯ ಮುಂದೆ. ಹಿನ್ನೆಲೆಯ ನಗರವನ್ನು, 2042ರ ಸ್ಯಾನ್ ಫ್ರಾನ್ಸಿಸ್ಕೋವನ್ನು, ಕಂಪ್ಯೂಟರ್ ಕಟ್ಟಿತು. ಮೂರನೆಯ ಮಹಾಯುದ್ಧ ಕಳೆದ ಆ ಬೀದಿಗಳಲ್ಲಿ ಆಡುವವರು ಟೆಕ್ಸ್ ಮರ್ಫಿ ಎಂಬ ಪತ್ತೇದಾರನಾಗಿ ಸುಳಿವು ಹುಡುಕಬೇಕು. ಮರ್ಫಿಯ ಪಾತ್ರಧಾರಿ ಕ್ರಿಸ್ ಜೋನ್ಸ್ ಆಟವನ್ನು ರೂಪಿಸಿದವರಲ್ಲೊಬ್ಬರು. ದೃಶ್ಯಗಳನ್ನು ತುಂಬಲು 4 ಸಿ.ಡಿ.ಗಳು ಬೇಕಾದವು.

1998ರ ‘ಓವರ್‌ಸೀರ್’ ಕಥೆಯನ್ನು ನಡುವೆಯೇ ನಿಲ್ಲಿಸಿತು. ಅಭಿಮಾನಿಗಳು ಬಿಡಲಿಲ್ಲ, 2012ರಲ್ಲಿ ತಾವೇ ಹಣ ಕೂಡಿಸಿದರು. 2014ರಲ್ಲಿ ‘ಟೆಸ್ಲಾ ಎಫೆಕ್ಟ್’ ಬಂತು. ಮರ್ಫಿಯಾಗಿ ಮತ್ತೆ ಜೋನ್ಸ್ ಅವರೇ. ಹರಕೆಯಾಟ ಆಡಿಸುವ ಊರಿಗೆ ಇದು ಹೊಸ ಮಾತಲ್ಲ: ನೋಡುವವರು ಕೈಹಿಡಿದರೆ ಆಟ ಉಳಿಯುತ್ತದೆ.