ನೋಯುವುದು ಮಿದುಳಲ್ಲ

"ಸಾಲಿಗೆ ಹೋಗು ಅಂದ್ರ ಸಾಕು, ಇವನ ತಲಿ ನೋಯ್ತದ!" ವಿಜಯಪುರ ಜಿಲ್ಲೆಯ ಜೈನಾಪುರದ ಕಡೆ ಮೈಗ್ರೇನ್ ಇರುವ ಹುಡುಗನಿಗೆ ಸಿಗುವ ಮೊದಲ ಔಷಧ ಇಂಥ ಮಾತು. ಎರಡನೆಯದು ಆಯಿಯ ದೃಷ್ಟಿ ತೆಗೆಯುವಿಕೆ. ಒಲೆಗೆ ಬಿದ್ದ ಮೆಣಸಿನಕಾಯಿಯ ಘಾಟು ಮನೆ ತುಂಬಿದರೆ ಪಾಪ, ಅವನ ನೋವು ಇನ್ನಷ್ಟು ಹೆಚ್ಚೀತು. ಏಕೆಂದರೆ ಮೈಗ್ರೇನ್ ಬಂದಾಗ ವಾಸನೆ, ಬೆಳಕು, ಸದ್ದು ಯಾವುದನ್ನೂ ತಡೆಯಲಾಗುವುದಿಲ್ಲ. ಹೊಟ್ಟೆ ತೊಳಸಿ ವಾಂತಿಯೂ ಆಗಬಹುದು.

ಒಂದು ಸೋಜಿಗ ಕೇಳಿ. ಮಿದುಳಿಗೆ ನೋವೇ ತಿಳಿಯದು! ನೋವು ಗುರುತಿಸುವ ನರತುದಿಗಳು ಅದರೊಳಗಿಲ್ಲ. ಅವು ಇರುವುದು ಮಿದುಳಿನ ಹೊದಿಕೆಯಲ್ಲಿ, ಅಲ್ಲಿನ ರಕ್ತನಾಳಗಳ ಸುತ್ತ. ಮೈಗ್ರೇನ್‌ನಲ್ಲಿ ಕೆರಳುವುದು ಆ ನರಗಳೇ.

ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಮಿಣಮಿಣ ಅಂಕುಡೊಂಕು ಗೆರೆಗಳು ಕಾಣುತ್ತವೆ. ಇದು ಭ್ರಮೆಯಲ್ಲ, ದೆವ್ವವಂತೂ ಅಲ್ಲವೇ ಅಲ್ಲ. ಮಿದುಳಿನ ಮೇಲ್ಪದರದಲ್ಲಿ ನರಕೋಶಗಳು ಒಮ್ಮೆಲೇ ಕೆರಳಿ, ಆಮೇಲೆ ಮಂಕಾಗುತ್ತ ಹೋಗುವ ಅಲೆಯೊಂದು ಏಳುತ್ತದೆ. ಬ್ರೆಜಿಲ್‌ನ ವಿಜ್ಞಾನಿ ಅರಿಸ್ಟಿಡಿಸ್ ಲಿಯಾವ್ 1944ರಲ್ಲಿ ಮೊಲಗಳ ಮಿದುಳಿನಲ್ಲಿ ಇಂಥ ಅಲೆಯನ್ನು ಕಂಡು ವರದಿ ಮಾಡಿದರು. ಅದರ ವೇಗ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್. ಇರುವೆ ಇದಕ್ಕಿಂತ ಎಷ್ಟೋ ಜೋರಾಗಿ ಓಡುತ್ತದೆ!

ಅರ್ಧ ತಲೆ ನೋವಾದರೆ ಮಾತ್ರ ಮೈಗ್ರೇನ್ ಅನ್ನುವವರಿದ್ದಾರೆ. ಆದರೆ ಮಕ್ಕಳಿಗೆ ಬಹಳ ಸಲ ಹಣೆಯ ಎರಡೂ ಕಡೆ ನೋಯುತ್ತದೆ. ದೊಡ್ಡವರಷ್ಟು ಹೊತ್ತು ಇರದೆ ಬೇಗ ಇಳಿಯುವುದೂ ಉಂಟು. ಸಂಜೆ ಹುಡುಗ ಆಡಲು ಓಡಿದ ಅಂದಮಾತ್ರಕ್ಕೆ ಬೆಳಿಗ್ಗೆಯ ನೋವು ಸುಳ್ಳಾಗದು.

"ಬಿಸಲಾಗ ತಿರಗ್ಯಾನ, ಅದಕ್ಕ" ಅನ್ನುವುದು ಅರ್ಧ ನಿಜ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಬೇಸಿಗೆಯ ಬಿಸಿಲು ಅಂಥಿಂಥದ್ದಲ್ಲ. ಆದರೂ ಅದೇ ಬಿಸಿಲಲ್ಲಿ ತಿರುಗಿದ ಗೆಳೆಯನಿಗೆ ಏನೂ ಆಗಿರುವುದಿಲ್ಲ. ಬೇಗ ಕೆರಳುವ ಮಿದುಳು ಹೆಚ್ಚಾಗಿ ಮನೆತನದಿಂದ ಬಂದಿರುತ್ತದೆ. ಬಿಸಿಲು, ಉಪವಾಸ, ನಿದ್ದೆಗೇಡು, ನೀರು ಕುಡಿಯದಿರುವುದು ಅದನ್ನು ಕೆಣಕುತ್ತವೆ ಅಷ್ಟೆ. ಹಾಗಾಗಿ ರೊಟ್ಟಿ ಬಿಟ್ಟು ಸಾಲಿಗೆ ಓಡಬೇಡಿ.

ಇದೇನು ಅಪರೂಪದ ಕಾಯಿಲೆಯಲ್ಲ. ಕರ್ನಾಟಕದಲ್ಲಿ ನಿಮ್ಹಾನ್ಸ್ ತಜ್ಞರೂ ಸೇರಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಯಸ್ಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದು ವರ್ಷದೊಳಗೆ ಮೈಗ್ರೇನ್ ಬಂದಿತ್ತು.

ನೋವು ಬಂದಾಗ ಕತ್ತಲೆ ಕೋಣೆಯಲ್ಲಿ ಮಲಗಿ. ದೊಡ್ಡವರ ಗುಳಿಗೆ ನುಂಗಬೇಡಿ, ಮಕ್ಕಳಿಗೆ ಯಾವುದು, ಎಷ್ಟು ಎಂದು ಡಾಕ್ಟರೇ ಹೇಳಬೇಕು. ಪದೇ ಪದೇ ನುಂಗಿದ ನೋವಿನ ಗುಳಿಗೆಯೇ ತಲೆನೋವು ತರಬಹುದು. ಜ್ವರದ ಜೊತೆ ಕುತ್ತಿಗೆ ಬಿಗಿದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಬಂದರೆ, ಕೈಕಾಲು ಸೋತರೆ ಮನೆಯಲ್ಲಿ ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕು.